ಒಂದು ವೆಬ್‌ಪುಟವನ್ನು ಗೂಗಲ್ ಹುಡುಕಾಟದಲ್ಲಿ ಮೇಲೆ ತರುವ ಬಗೆ: ಕನ್ನಡ ಪುಟಗಳಿಗಾಗಿ ಹಂತ ಹಂತದ ಮಾರ್ಗದರ್ಶಿ

‘ವೆಬ್‌ಸೈಟ್ ಮಾಡಿಸೇವಿ, ರೊಕ್ಕಾನೂ ಕೊಟ್ಟೇವಿ, ಗೂಗಲ್‌ನ್ಯಾಗ ಹುಡುಕಿದ್ರ ಯಾಕ ಬರೂದಿಲ್ಲ?’ ಇಳಕಲ್ಲಿನ ಸೀರೆ ವ್ಯಾಪಾರಿಗಳಿಂದ ಹಿಡಿದು ಬಾದಾಮಿಯಲ್ಲಿ ಕೋಣೆ ಬಾಡಿಗೆಗೆ ಕೊಡುವವರು, ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳು, ಬೆಳಗಾವಿಯ ಕುಂದಾ ಅಂಗಡಿಯವರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ಪ್ರತಿ ಸಲ ಬಿಡಿ ಬಿಡಿಯಾಗಿ ಉತ್ತರಿಸುವುದಕ್ಕಿಂತ ಒಮ್ಮೆ ಕ್ರಮವಾಗಿ ಬರೆದಿಡುವುದು ಮೇಲೆಂದು ಈ ಲೇಖನವನ್ನು ಸಿದ್ಧಪಡಿಸಿದ್ದೇನೆ.

ಇಲ್ಲಿ ಹೇಳುವುದು ಇಡೀ ವೆಬ್‌ಸೈಟಿನ ಮಾತಲ್ಲ, ಹಣ ಕೊಟ್ಟು ಹಾಕಿಸುವ ಜಾಹೀರಾತಿನ ಮಾತೂ ಅಲ್ಲ. ಒಂದೇ ಒಂದು ಪುಟವನ್ನು ಕೈಗೆತ್ತಿಕೊಂಡು, ಅದನ್ನು ಹುಡುಕುವವರಿಗೂ ಗೂಗಲ್‌ಗೂ ಅರ್ಥವಾಗುವಂತೆ ತಿದ್ದುವ ಕೆಲಸ ಮಾತ್ರ ನಮ್ಮ ವಿಷಯ. ಈ ಕೆಲಸಕ್ಕೆ ‘ಆನ್-ಪೇಜ್ ಎಸ್‌ಇಒ’ ಎಂದು ಹೆಸರು. ಹುಡುಕಾಟಕ್ಕೆ ಒದಗುವಂತೆ ಪುಟದ ಒಳಗೇ ಮಾಡುವ ತಿದ್ದುಪಡಿ ಎಂದು ಅದನ್ನು ತಿಳಿದುಕೊಂಡರೆ ಸಾಕು. ಉದಾಹರಣೆಗೆ ಕೊನೆಯವರೆಗೂ ಒಂದೇ ಪುಟವನ್ನು ಇಟ್ಟುಕೊಳ್ಳೋಣ: ಇಳಕಲ್ ಸೀರೆ ಮಾರುವ ಒಂದು ಅಂಗಡಿಯ ಪುಟ.

ಬೇಕಾಗುವುದು ಹೆಚ್ಚೇನಿಲ್ಲ. ನಿಮ್ಮ ವೆಬ್‌ಸೈಟನ್ನು ತಿದ್ದುವ ಲಾಗಿನ್ ನಿಮ್ಮ ಕೈಯಲ್ಲಿರಬೇಕು. ಸೈಟ್ ಮಾಡಿಕೊಟ್ಟವರ ಬಳಿ ಮಾತ್ರ ಅದಿದ್ದರೆ ಮೊದಲು ಅದನ್ನು ಕೇಳಿ ಪಡೆಯಿರಿ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ನಿಮ್ಮ ಸೈಟನ್ನು ನೋಂದಾಯಿಸಿರಬೇಕು. ನಿಮ್ಮ ಪುಟಗಳು ಹುಡುಕಾಟದಲ್ಲಿ ಹೇಗೆ ಕಾಣುತ್ತಿವೆ ಎಂಬುದನ್ನು ಸೈಟಿನ ಒಡೆಯರಿಗೆ ತೋರಿಸುವ ಲೆಕ್ಕದ ಪುಸ್ತಕವಿದ್ದಂತೆ ಅದು. ಇವೆರಡರ ಜೊತೆಗೆ ಒಂದು ಮೊಬೈಲ್ ಮತ್ತು ಒಂದು ನೋಟುಪುಸ್ತಕ.

1. ಪುಟ ಗೂಗಲ್‌ನ ಪಟ್ಟಿಯಲ್ಲಿ ಇದೆಯೇ ನೋಡಿ

ಗೂಗಲ್ ಲೋಕದ ಎಲ್ಲ ಪುಟಗಳನ್ನೂ ಆ ಕ್ಷಣದಲ್ಲಿ ಹುಡುಕಿ ತರುವುದಿಲ್ಲ. ಮೊದಲೇ ಓದಿ ತನ್ನ ಸೂಚಿಯಲ್ಲಿ, ಅಂದರೆ ಇಂಡೆಕ್ಸ್‌ನಲ್ಲಿ, ಬರೆದಿಟ್ಟುಕೊಂಡ ಪುಟಗಳಲ್ಲಿ ಮಾತ್ರ ಹುಡುಕುತ್ತದೆ. ಆ ಸೂಚಿಯಲ್ಲೇ ಇಲ್ಲದ ಪುಟಕ್ಕೆ ಎಷ್ಟು ಸಿಂಗಾರ ಮಾಡಿದರೂ ಪ್ರಯೋಜನವಿಲ್ಲ. ಸರ್ಚ್ ಕನ್ಸೋಲ್‌ನ ಮೇಲ್ಭಾಗದ ಖಾನೆಯಲ್ಲಿ ನಿಮ್ಮ ಪುಟದ ಪೂರ್ಣ ವಿಳಾಸವನ್ನು ಹಾಕಿದರೆ ಪುಟ ಸೂಚಿಯಲ್ಲಿದೆಯೋ ಇಲ್ಲವೋ, ಇಲ್ಲದಿದ್ದರೆ ಏಕೆ ಇಲ್ಲ ಎಂಬುದು ತಿಳಿಯುತ್ತದೆ.

ಇಲ್ಲಿ ಪದೇ ಪದೇ ಕಾಣುವ ತಪ್ಪು ‘ನೋಇಂಡೆಕ್ಸ್’, ಅಂದರೆ ಈ ಪುಟವನ್ನು ಸೂಚಿಗೆ ಸೇರಿಸಬೇಡ ಎಂಬ ಸೂಚನೆ. ಸೈಟ್ ಕಟ್ಟುವಾಗ ಅರ್ಧಂಬರ್ಧ ಪುಟಗಳು ಹೊರಗೆ ಕಾಣಬಾರದೆಂದು ಇದನ್ನು ಹಾಕಿರುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿರುತ್ತಾರೆ. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶವನ್ನು ಬಳಸುವವರು ಸೆಟ್ಟಿಂಗ್ಸ್‌ನ ‘ರೀಡಿಂಗ್’ ವಿಭಾಗದಲ್ಲಿ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೂಚಿಗೆ ಸೇರಿಸದಿರಲಿ ಎಂಬರ್ಥದ ಚೌಕಕ್ಕೆ ಗುರುತು ಬಿದ್ದಿದೆಯೇ ನೋಡಬೇಕು. ಒಂದು ಗುರುತು ತೆಗೆದರೆ ಮುಗಿಯುವ ಕೆಲಸಕ್ಕೆ ವರ್ಷಗಟ್ಟಲೆ ದಾರಿ ಕಾದವರಿದ್ದಾರೆ.

2. ಅಕ್ಷರಗಳು ಯೂನಿಕೋಡ್‌ನಲ್ಲಿವೆಯೇ ಪರೀಕ್ಷಿಸಿ

ಎಸ್‌ಇಒ ಕುರಿತ ಇಂಗ್ಲಿಷ್ ಬರಹಗಳಲ್ಲಿ ಈ ಹಂತ ಇರುವುದೇ ಇಲ್ಲ. ಅವರಿಗೆ ಈ ತೊಂದರೆ ಇಲ್ಲ, ನಮಗೆ ಇದೆ. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕರಪತ್ರ, ಲಗ್ನಪತ್ರಿಕೆ, ಬ್ಯಾನರ್‌ಗಳ ಕೆಲಸ ಬಹುಕಾಲ ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ವಿಧಾನದಲ್ಲಿ ನಡೆಯಿತು. ಆ ವಿಧಾನದಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ. ಕಂಪ್ಯೂಟರ್ ಒಳಗೆ ಉಳಿಸಿಕೊಳ್ಳುವುದು ಮಾತ್ರ ತಲೆಯ ಮೇಲೆ ಗೆರೆ ಚುಕ್ಕೆ ಹೊತ್ತ ರೋಮನ್ ಅಕ್ಷರಗಳನ್ನು. ಆ ಫಾಂಟ್ ಇಲ್ಲದ ಕಡೆ ಅದು ಗೋಜಲಾಗಿ ಕಾಣುತ್ತದೆ. ಗೂಗಲ್ ಓದುವುದು ಒಳಗಿರುವುದನ್ನೇ ಆದುದರಿಂದ ಅದರ ಪಾಲಿಗೆ ಆ ಪುಟದಲ್ಲಿ ಕನ್ನಡದ ಒಂದು ಪದವೂ ಇಲ್ಲ. ಕರಪತ್ರದ ಪಠ್ಯವನ್ನು ಹಾಗೆಯೇ ತಂದು ಸೈಟಿಗೆ ಅಂಟಿಸಿ, ಫಾಂಟನ್ನೂ ಜೊತೆಗೆ ಹಾಕಿ, ‘ಚಂದ ಕಾಣ್ತದಲ್ಲ’ ಎಂದುಕೊಂಡ ಒಂದು ಪುಟವನ್ನು ನಾನೇ ತಿದ್ದಿಕೊಟ್ಟಿದ್ದೇನೆ.

ಪರೀಕ್ಷೆ ಸುಲಭ. ನಿಮ್ಮ ಪುಟದಿಂದ ಒಂದು ವಾಕ್ಯವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿರಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಅಂದರೆ ಜಗತ್ತಿನ ಬಹುತೇಕ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಟ್ಟಿರುವ ವ್ಯವಸ್ಥೆಯಲ್ಲಿದೆ. ಗೋಜಲಾಗಿ ಬಂದರೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಂದೊಂದಾಗಿ ಓದಿ ನೋಡಬೇಕು; ಪರಿವರ್ತಕಗಳು ಎಡವುವುದು ಅಲ್ಲಿಯೇ.

ಇದಕ್ಕೆ ಹತ್ತಿರದ ಇನ್ನೊಂದು ತಪ್ಪೂ ಇದೆ: ಬೆಲೆಪಟ್ಟಿ, ವಿಳಾಸ, ಸೀರೆಯ ವಿವರಗಳನ್ನೆಲ್ಲ ಬ್ಯಾನರ್‌ನಂತೆ ಒಂದು ಚಿತ್ರ ಮಾಡಿ ಪುಟಕ್ಕೆ ಹಾಕುವುದು. ಚಿತ್ರದೊಳಗಿನ ಬರಹವನ್ನು ನೆಚ್ಚಿಕೊಳ್ಳಬೇಡಿ. ಓದಬೇಕಾದದ್ದೆಲ್ಲ ಅಕ್ಷರವಾಗಿಯೇ ಇರಲಿ.

3. ಪುಟ ಉತ್ತರಿಸಬೇಕಾದ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿ

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ. ಹುಡುಕುವವರು ಖಾನೆಯಲ್ಲಿ ಬರೆಯುವ ಪದಗಳಿಗೆ ‘ಕೀವರ್ಡ್’ ಎನ್ನುತ್ತಾರೆ. ಕೀವರ್ಡ್ ಎಂದೊಡನೆ ಸಾವಿರ ಪದಗಳ ಪಟ್ಟಿ ಮಾಡುವವರಿದ್ದಾರೆ, ಅದರ ಅಗತ್ಯವಿಲ್ಲ. ನಿಮ್ಮ ಗಲ್ಲೆಯ ಬಳಿ ನೋಟುಪುಸ್ತಕ ಇಟ್ಟುಕೊಂಡು, ಒಂದು ವಾರ ಗಿರಾಕಿಗಳು ಅಂಗಡಿಯಲ್ಲೂ ಫೋನಿನಲ್ಲೂ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದಿಡಿ. ಇದು ಕೈಮಗ್ಗದ್ದೋ ಪವರ್‌ಲೂಮಿನದೋ? ಸೆರಗು ಅಪ್ಪಟ ರೇಷ್ಮೆಯೋ, ಕೃತಕ ರೇಷ್ಮೆಯೋ? ಬಣ್ಣ ಬಿಡುತ್ತದೆಯೇ? ಒಂಬತ್ತು ಗಜದ್ದು ಸಿಗುತ್ತದೆಯೇ? ಬೆಂಗಳೂರಿಗೆ ಕಳಿಸುತ್ತೀರಾ? ಇವು ಐದು ಬೇರೆ ಬೇರೆ ಪ್ರಶ್ನೆಗಳು. ಇವುಗಳಲ್ಲಿ ಯಾವುದಕ್ಕೆ ಈ ಪುಟ ಮುಖ್ಯವಾಗಿ ಉತ್ತರಿಸುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಲು ನಿಮಗೆ ಬಾರದಿದ್ದರೆ, ಗೂಗಲ್‌ಗೂ ಅದು ಗೊತ್ತಾಗುವುದಿಲ್ಲ.

ಅನಂತರ ಪದಗಳ ಆಯ್ಕೆ. ಮಾರುವವರ ಪದ ಮತ್ತು ಕೊಳ್ಳುವವರ ಪದ ಬೇರೆಯಾಗಿರುತ್ತವೆ. ನಾವು ‘ದಡಿ’ ಎನ್ನುತ್ತೇವೆ. ಬೆಂಗಳೂರಿನ ಗಿರಾಕಿ ‘ಬಾರ್ಡರ್’ ಅಥವಾ ‘ಅಂಚು’ ಎಂದು ಹುಡುಕುತ್ತಾರೆ. ನಮ್ಮ ‘ಕುಬಸದ ಖಣ’ ಅವರಿಗೆ ‘ಬ್ಲೌಸ್ ಪೀಸ್’. ಹಾಗೆಂದು ನಮ್ಮ ಪದಗಳನ್ನು ಬಿಡಬಾರದು. ‘ಗುಳೇದಗುಡ್ಡ ಖಣ’, ‘ಚಿಕ್ಕಿ ಪರಾಸ’, ‘ಗೋಮಿ’ ಎಂದು ಖಣ, ದಡಿಗಳ ಹೆಸರನ್ನೇ ಬರೆದು ಹುಡುಕುವವರು ಸಂಖ್ಯೆಯಲ್ಲಿ ಕಡಿಮೆಯಾದರೂ ಏನು ಬೇಕೆಂದು ತಿಳಿದೇ ಬರುವವರು. ಎರಡೂ ಪದಗಳು ಸಹಜವಾಗಿ ಒಂದೇ ವಾಕ್ಯದಲ್ಲಿ ಸೇರುವಂತೆ ಬರೆಯಿರಿ: ‘ಈ ಸೀರೆಯ ದಡಿ, ಅಂದರೆ ಬಾರ್ಡರ್, ಚಿಕ್ಕಿ ಪರಾಸ ವಿನ್ಯಾಸದ್ದು.’ ಓದುವವರಿಗೆ ಅರ್ಥ ಹೇಳಿದಂತೆಯೂ ಆಯಿತು, ಹುಡುಕುವವರ ಪದ ಪುಟದಲ್ಲಿ ಬಂದಂತೆಯೂ ಆಯಿತು.

ಕನ್ನಡದ ವ್ಯಾಕರಣವನ್ನೂ ಇಲ್ಲಿ ಗಮನದಲ್ಲಿಡಬೇಕು. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ: ಸೀರೆಯ, ಸೀರೆಗೆ, ಸೀರೆಗಳಲ್ಲಿ. ಪುಟದ ತುಂಬ ಇಂಥ ರೂಪಗಳೇ ಇದ್ದು ‘ಇಳಕಲ್ ಸೀರೆ’ ಎಂಬ ಮೂಲರೂಪ ಎಲ್ಲಿಯೂ ಇಲ್ಲದ ಬರಹಗಳನ್ನು ನೋಡಿದ್ದೇನೆ. ಗೂಗಲ್ ಪದರೂಪಗಳನ್ನು ಒಂದು ಮಟ್ಟಿಗೆ ಗುರುತಿಸುತ್ತದೆ ನಿಜ, ಆದರೆ ಆ ಹೊರೆಯನ್ನು ಅದರ ಮೇಲೆ ಬಿಡುವ ಬದಲು ಶೀರ್ಷಿಕೆಯಲ್ಲಿ ಒಮ್ಮೆ, ಮೊದಲ ಪರಿಚ್ಛೇದದಲ್ಲಿ ಒಮ್ಮೆ ಮೂಲರೂಪವನ್ನೇ ಬಳಸುವುದು ಲೇಸು. ಸಂಧಿ ಮಾಡಿ ಪದಗಳನ್ನು ಉದ್ದಕ್ಕೆ ಜೋಡಿಸುವ ಅಭ್ಯಾಸವಿದ್ದರೆ ಈ ಪುಟಗಳಲ್ಲಿ ಬಿಡಿಸಿ ಬರೆಯಿರಿ.

ಎಚ್ಚರಿಕೆ: ಒಂದೇ ಪದವನ್ನು ಸಾಲುಸಾಲಿಗೆ ತುರುಕುವುದು, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಕೀವರ್ಡ್‌ಗಳನ್ನು ಅಡಗಿಸುವುದು, ಇವೆರಡೂ ಗೂಗಲ್‌ನ ನಿಯಮಗಳ ಪ್ರಕಾರ ಸ್ಪ್ಯಾಮ್, ಅಂದರೆ ಮೋಸದ ತಂತ್ರ. ಇನ್ನು ಪುಟದ ಒಳಸಂಕೇತದಲ್ಲಿ ‘ಮೆಟಾ ಕೀವರ್ಡ್ಸ್’ ಎಂಬ ಖಾನೆ ತುಂಬಿಸಿಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಶ್ರೇಣಿಯನ್ನು, ಅಂದರೆ ಹುಡುಕಾಟದಲ್ಲಿ ಪುಟ ಬರುವ ಸ್ಥಾನವನ್ನು, ನಿರ್ಧರಿಸಲು ಆ ಖಾನೆಯನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಪ್ರಕಟಿಸಿದೆ.

4. ಊರ ಹೆಸರುಗಳ ಗೊಂದಲವನ್ನು ಬಿಡಿಸಿ

2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಜನ ಹುಡುಕುವಾಗ ಮಾತ್ರ ಹೊಸ ಹೆಸರನ್ನೂ ಹಳೆಯದನ್ನೂ ಬಳಸುತ್ತಾರೆ. ಹೊರರಾಜ್ಯದವರಿಗೆ ಗೋಳಗುಮ್ಮಟವಿರುವ ಊರು ಇಂದಿಗೂ ಬಿಜಾಪುರವೇ. ವಿಜಯಪುರದವರಿಗಂತೂ ತೊಡಕು ಇನ್ನೂ ಹೆಚ್ಚು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿಯೂ ಒಂದು ವಿಜಯಪುರವಿದೆ; ಹಳೆಯ ಹೆಸರು ಹಾಕಿದರೆ ಛತ್ತೀಸಗಢದ ಬಿಜಾಪುರ ಜಿಲ್ಲೆ ಎದುರಾಗುತ್ತದೆ. ಆದುದರಿಂದ ವಿಜಯಪುರದ ವ್ಯಾಪಾರಿಗಳು ಪುಟದಲ್ಲಿ ಒಮ್ಮೆ ‘ವಿಜಯಪುರ (ಬಿಜಾಪುರ), ಕರ್ನಾಟಕ’ ಎಂದು ಪೂರ್ತಿಯಾಗಿ, ಪಿನ್‌ಕೋಡ್ ಸಹಿತ ವಿಳಾಸ ಬರೆಯುವುದು ಅಗತ್ಯ.

ಕಾಗುಣಿತದ್ದು ಇನ್ನೊಂದು ಸಮಸ್ಯೆ. ಇಳಕಲ್, ಇಲಕಲ್, ಇಲ್ಕಲ್; ಬಾಗಲಕೋಟೆ, ಬಾಗಲಕೋಟ. ಇವನ್ನೆಲ್ಲ ಪುಟದ ಕೆಳಗೆ ಸಾಲಾಗಿ ಪೇರಿಸುವ ಅಗತ್ಯವಿಲ್ಲ. ಒಂದು ರೂಪವನ್ನು ಆರಿಸಿ ಎಲ್ಲೆಡೆ ಅದನ್ನೇ ಬಳಸಿ, ಬಹಳ ಬಳಕೆಯಲ್ಲಿರುವ ಇನ್ನೊಂದು ರೂಪವನ್ನು ಮಾತಿನ ನಡುವೆ ಒಮ್ಮೆ ತನ್ನಿ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ ಹುಡುಕುವವರೂ ಬಹಳ ಜನ. ಅವರಿಗಾಗಿ ಶೀರ್ಷಿಕೆಯ ಕೊನೆಯಲ್ಲಿ ಸರಕಿನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಒಮ್ಮೆ ಕೊಡಬಹುದು. ಸಾಧ್ಯವಿದ್ದರೆ ಇಂಗ್ಲಿಷಿನದೇ ಬೇರೆ ಪುಟ ಮಾಡಿ, ‘ಎಚ್‌ರೆಫ್‌ಲ್ಯಾಂಗ್’ ಎಂಬ ಗುರುತಿನಿಂದ ಎರಡನ್ನೂ ಜೋಡಿಸಿ. ಒಂದೇ ವಿಷಯದ ಕನ್ನಡ ಪುಟ ಇದು, ಇಂಗ್ಲಿಷ್ ಪುಟ ಅದು ಎಂದು ಗೂಗಲ್‌ಗೆ ತಿಳಿಸುವ ಗುರುತು ಅದು. ಯಂತ್ರಾನುವಾದವನ್ನು ಓದಿ ನೋಡದೆ ಹಾಗೆಯೇ ಹಾಕುವುದಕ್ಕಿಂತ ಆ ಪುಟ ಇಲ್ಲದಿರುವುದೇ ಮೇಲು.

ಊರ ಹೆಸರಿನ ಆಸೆಗೆ ಬಿದ್ದು ಮಾಡುವ ದೊಡ್ಡ ತಪ್ಪೊಂದಿದೆ. ಒಂದೇ ಪುಟವನ್ನು ನಕಲು ಮಾಡಿ ಜಮಖಂಡಿ, ಮುಧೋಳ, ಗೋಕಾಕ, ಅಥಣಿ, ಸಿಂದಗಿ, ಇಂಡಿ ಎಂದು ಹೆಸರು ಮಾತ್ರ ಬದಲಿಸಿ ಇಪ್ಪತ್ತು ಪುಟ ಮಾಡುವುದು. ಇಂಥವನ್ನು ಗೂಗಲ್ ‘ಡೋರ್‌ವೇ ಪುಟ’ ಎಂದು ಕರೆದು ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ಇವು ಒಳಗೆ ಸರಕಿಲ್ಲದ, ಬಾಗಿಲು ಮಾತ್ರ ಇರುವ ಪುಟಗಳು. ಗೋಕಾಕದಲ್ಲಿ ನಿಮ್ಮ ಅಂಗಡಿ ನಿಜವಾಗಿಯೂ ಇದ್ದು, ಅಲ್ಲಿಯದೇ ವಿಳಾಸ, ಸಮಯ, ಸರಕು ಬೇರೆಯಿದ್ದರೆ ಮಾತ್ರ ಬೇರೆ ಪುಟ ಮಾಡಿ.

5. ಶೀರ್ಷಿಕೆ ಮತ್ತು ವಿವರಣೆಯನ್ನು ಬರೆಯಿರಿ

ಹುಡುಕಾಟದ ಫಲಿತಾಂಶದಲ್ಲಿ ನೀಲಿ ಬಣ್ಣದಲ್ಲಿ ಕಾಣುವ ಸಾಲು ‘ಟೈಟಲ್’, ಅದರ ಕೆಳಗಿನ ಎರಡು ಸಾಲಿಗೆಂದು ನಾವು ಬರೆದುಕೊಡುವುದು ‘ಮೆಟಾ ವಿವರಣೆ’. ಇವು ಪುಟದೊಳಗಿನ ತಲೆಬರಹಕ್ಕಿಂತ ಬೇರೆ. ನಿಮ್ಮ ಸೈಟಿನ ತಿದ್ದುವ ಪರದೆಯಲ್ಲಿ ಇವಕ್ಕೆ ಪ್ರತ್ಯೇಕ ಖಾನೆಗಳಿರುತ್ತವೆ.

ಟೈಟಲ್ ಅನ್ನು ಅಕ್ಷರಗಳ ಎಣಿಕೆಯಿಂದಲ್ಲ, ಪರದೆಯ ಮೇಲೆ ಅದು ಹಿಡಿಯುವ ಅಗಲದಿಂದ ಕತ್ತರಿಸಲಾಗುತ್ತದೆ. ‘ಅರವತ್ತು ಅಕ್ಷರ’ ಎಂಬ ಇಂಗ್ಲಿಷಿನವರ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಅಕ್ಷರಗಳು ಅಗಲ. ಮುಖ್ಯ ಪದಗಳು ಮೊದಲಿಗೇ ಬರಲಿ. ‘ಸ್ವಾಗತ’, ‘ಮುಖಪುಟ’, ‘ನಮ್ಮಲ್ಲಿ ಎಲ್ಲ ತರಹದ ಸೀರೆಗಳು ದೊರೆಯುತ್ತವೆ’ ಎಂಬ ಶೀರ್ಷಿಕೆಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಕೈಮಗ್ಗದ ಇಳಕಲ್ ಸೀರೆ, ರೇಷ್ಮೆ ಸೆರಗು: ಬೆಲೆ ಮತ್ತು ಬಣ್ಣಗಳು’ ಎಂದರೆ ಏನಿದೆ ಎಂಬುದು ಸ್ಪಷ್ಟ. ಪುಟದಿಂದ ಪುಟಕ್ಕೆ ಟೈಟಲ್ ಬೇರೆಯಾಗಿರಬೇಕು. ನೀವು ಬರೆದದ್ದು ಪುಟಕ್ಕೆ ಹೊಂದುವುದಿಲ್ಲವೆಂದು ತೋರಿದರೆ ಗೂಗಲ್ ತಾನೇ ಬೇರೆ ಶೀರ್ಷಿಕೆ ತೋರಿಸುವುದುಂಟು. ಹಾಗಾದಲ್ಲಿ ಟೈಟಲ್‌ಗೂ ಪುಟದೊಳಗಿನ ತಲೆಬರಹಕ್ಕೂ ತಾಳೆ ಇದೆಯೇ ಎಂದು ನೋಡಿ.

ಮೆಟಾ ವಿವರಣೆ ಶ್ರೇಣಿಯನ್ನು ಏರಿಸುವುದಿಲ್ಲ. ಅದನ್ನು ಓದಿದ ಮನುಷ್ಯ ಕ್ಲಿಕ್ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾನೆ. ಅದರ ಬೆಲೆ ಅಷ್ಟೇ, ಆದರೆ ಅದು ಕಡಿಮೆಯದೇನಲ್ಲ.

6. ಪುಟದ ವಿಳಾಸ ಚಿಕ್ಕದಾಗಿರಲಿ

ಪುಟದ ವಿಳಾಸವನ್ನು, ಅಂದರೆ ಯುಆರ್‌ಎಲ್ ಅನ್ನು, ಕನ್ನಡದಲ್ಲಿಯೂ ಇಡಬಹುದು. ಗೂಗಲ್ ಅದನ್ನು ಓದಬಲ್ಲದು. ಆದರೆ ಅದನ್ನು ಬೇರೆಡೆ ನಕಲು ಮಾಡಿ ಅಂಟಿಸಿದಾಗ ಕನ್ನಡದ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆಗಳಿಂದ ಕೂಡಿದ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಇಳಕಲ್-ಸೀರೆ’ ಎಂಬ ಪುಟ್ಟ ಹೆಸರು 82 ಅಕ್ಷರಗಳ ಸಾಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಂಥ ವಿಳಾಸವನ್ನು ನೋಡಿ ಯಾವುದೋ ಮೋಸದ ಲಿಂಕ್ ಎಂದು ಜನ ಹೆದರುತ್ತಾರೆ. ಆದುದರಿಂದ ವಿಳಾಸವನ್ನು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ, ಎರಡು ಮೂರು ಪದಗಳಲ್ಲಿ, ನಡುವೆ ಅಡ್ಡಗೆರೆ ಹಾಕಿ ಇಡುವುದು ನನ್ನ ಸಲಹೆ.

ಈಗಾಗಲೇ ಸೂಚಿಯಲ್ಲಿರುವ ಪುಟದ ವಿಳಾಸವನ್ನು ಅಂದಕ್ಕಾಗಿ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಾಯಂ ಆಗಿ ಕಳಿಸುವ ‘301 ರೀಡೈರೆಕ್ಟ್’ ಹಾಕಿಸಿ. ಮನೆ ಬದಲಿಸಿದವರು ಹಳೆಯ ಬಾಗಿಲಿಗೆ ಚೀಟಿ ಅಂಟಿಸುವ ಹಾಗೆ.

7. ಒಳಗಿನ ಬರಹ

ಒಂದು ಪುಟಕ್ಕೆ ಇಂತಿಷ್ಟು ಪದ ಬೇಕೆಂಬ ನಿಯಮ ಗೂಗಲ್‌ನಲ್ಲಿ ಇಲ್ಲ. ಮೂರನೆಯ ಹಂತದಲ್ಲಿ ಆರಿಸಿದ ಪ್ರಶ್ನೆಗೆ ಉತ್ತರ ಮೊದಲ ಎರಡು ಮೂರು ವಾಕ್ಯಗಳಲ್ಲಿಯೇ ಸಿಗಬೇಕು, ಇಷ್ಟೇ. ‘ಇಳಕಲ್ ನಗರವು ಪುರಾತನ ಕಾಲದಿಂದಲೂ…’ ಎಂದು ಮೂರು ಪರಿಚ್ಛೇದ ಇತಿಹಾಸ ಹೇಳಿ ಬೆಲೆಯನ್ನು ಕೊನೆಗೆ ಬಚ್ಚಿಡುವುದು ನಮ್ಮ ಪುಟಗಳಿಗೆ ಅಂಟಿದ ರೋಗ. ಬೆಲೆ ಮೊದಲು, ನೂಲಿನ ವಿವರ ಆಮೇಲೆ, ಇತಿಹಾಸ ಕೊನೆಗೆ.

ಬೇರೆಯವರ ಪುಟದಲ್ಲಿ ಇರಲಾರದ ಸಂಗತಿ ನಿಮ್ಮಲ್ಲಿದೆ, ಅದನ್ನು ಬರೆಯಿರಿ. ಈ ಸೀರೆಯ ಒಡಲಿನ ಹಾಸು ಹತ್ತಿಯದೋ ರೇಷ್ಮೆಯದೋ, ನೇಯಲು ನಿಮ್ಮ ನೇಕಾರರಿಗೆ ಎಷ್ಟು ದಿನ ಹಿಡಿಯಿತು, ಮೊದಲ ಸಲ ಒಗೆಯುವಾಗ ಏನು ಮಾಡಬೇಕು, ಕೈಮಗ್ಗದ್ದೆಂದು ಗುರುತಿಸಲು ಸೀರೆಯನ್ನು ತಿರುವಿ ಎಲ್ಲಿ ನೋಡಬೇಕು. ಅನುಭವವಿರುವವರು ಬರೆದ, ಜನರಿಗೆ ಉಪಯೋಗವಾಗುವ ಬರಹಕ್ಕೆ ಆದ್ಯತೆ ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲಿ ಹೇಳುತ್ತದೆ. ನಲವತ್ತು ವರ್ಷ ಗಲ್ಲೆಯ ಮೇಲೆ ಕುಳಿತವರಿಗೆ ಇದರಲ್ಲಿ ಯಾವ ಕೊರತೆಯೂ ಇಲ್ಲ. ಬರೆಯುವುದಿಲ್ಲ, ಅಷ್ಟೇ ಕೊರತೆ.

ತಲೆಬರಹಗಳಿಗೆ ‘ಎಚ್1’, ‘ಎಚ್2’ ಎಂಬ ಗುರುತು ಹಾಕಿ. ಪುಟದ ಮುಖ್ಯ ತಲೆಬರಹ ಎಚ್1, ಅದರ ಕೆಳಗಿನ ವಿಭಾಗಗಳು ಎಚ್2. ಅಕ್ಷರವನ್ನು ಬರಿದೇ ದಪ್ಪ ಮಾಡಿದರೆ ಕಣ್ಣಿಗೆ ತಲೆಬರಹದಂತೆ ಕಂಡರೂ ಯಂತ್ರಕ್ಕೆ ಅದು ಸಾಮಾನ್ಯ ಸಾಲು. ಬೆಲೆ, ಅಳತೆಗಳನ್ನು 1, 2, 3 ಅಂಕಿಗಳಲ್ಲಿಯೇ ಬರೆಯಿರಿ. ಹುಡುಕುವವರು ಟೈಪಿಸುವುದು ಅವನ್ನೇ.

8. ಚಿತ್ರಗಳು ಮತ್ತು ವೇಗ

ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಓದಿ ಸೂಚಿಗೆ ಸೇರಿಸುತ್ತದೆ. ಆದುದರಿಂದ ನಿಮ್ಮ ಪುಟವನ್ನು ಅಂಗಡಿಯ ವೈಫೈ ಬಿಟ್ಟು, ಮೊಬೈಲ್ ಡೇಟಾದಲ್ಲಿ, ಸಾಧಾರಣ ಬೆಲೆಯ ಫೋನಿನಲ್ಲಿ ತೆರೆದು ನೋಡಿ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಗೂಗಲ್‌ನ ಉಚಿತ ಸಾಧನದಲ್ಲಿ ವಿಳಾಸ ಹಾಕಿದರೆ, ಸಾಕಷ್ಟು ಜನ ಬರುವ ಪುಟವಾದಲ್ಲಿ, ಮೂರು ಅಳತೆಗಳು ಸಿಗುತ್ತವೆ. ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. ತೆರೆಯುವಾಗ ಸಾಲುಗಳು ಜಿಗಿದಾಡುವ ಪ್ರಮಾಣ 0.1ರೊಳಗಿರಬೇಕು. ನೂರಕ್ಕೆ ನೂರು ಅಂಕ ಬರಲೇಬೇಕೆಂದು ಹಟ ಹಿಡಿಯಬೇಕಿಲ್ಲ. ನಿಧಾನವಾದರೂ ಸರಿಯಾದ ಉತ್ತರವಿರುವ ಪುಟ, ವೇಗವಾದ ಬರಿದು ಪುಟಕ್ಕಿಂತ ಮುಂದೆ ಬರಬಲ್ಲದು.

ನಿಧಾನಕ್ಕೆ ಬಹುತೇಕ ಕಾರಣ ಮೊಬೈಲ್‌ನಲ್ಲಿ ತೆಗೆದ ನಾಲ್ಕೈದು ಎಂಬಿಯ ಫೋಟೊವನ್ನು ಹಾಗೆಯೇ ಏರಿಸುವುದು. ಅಗಲವನ್ನು 1200 ಪಿಕ್ಸೆಲ್ ಸುಮಾರಿಗೆ ಇಳಿಸಿ, ಚಿತ್ರವನ್ನು ಹಗುರಾಗಿಸುವ ವೆಬ್‌ಪಿ ರೂಪದಲ್ಲಿ ಉಳಿಸಿ. ಎರಡನೆಯ ಕಾರಣ ಕನ್ನಡ ಫಾಂಟು. ಒತ್ತಕ್ಷರಗಳಿಂದಾಗಿ ಕನ್ನಡದ ಫಾಂಟ್ ಕಡತಗಳು ಭಾರ. ಅಂದಕ್ಕೆಂದು ಮೂರು ನಾಲ್ಕು ಫಾಂಟ್ ಹಾಕಿಸಬೇಡಿ, ಒಂದು ಸಾಕು.

ಪ್ರತಿ ಚಿತ್ರಕ್ಕೂ ‘ಆಲ್ಟ್ ಪಠ್ಯ’ ಬರೆಯಿರಿ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುವುದು ಈ ಪಠ್ಯವನ್ನೇ; ಚಿತ್ರದಲ್ಲಿ ಏನಿದೆ ಎಂದು ಗೂಗಲ್ ತಿಳಿಯುವುದೂ ಇದರ ನೆರವಿನಿಂದಲೇ. ‘ಫೋಟೊ 1’ ಎಂದಲ್ಲ, ‘ಹಸಿರು ಒಡಲು, ಕೆಂಪು ರೇಷ್ಮೆ ಸೆರಗಿನ ಇಳಕಲ್ ಸೀರೆ’ ಎಂದು.

9. ಪುಟಗಳ ನಡುವೆ ಕೊಂಡಿ ಹಾಕಿ

ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದಕ್ಕೊಂದು ಸಿಕ್ಕಿಸಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ವೆಬ್‌ಪುಟಗಳ ಲಿಂಕಿಗೂ ಕನ್ನಡದಲ್ಲಿ ಅದೇ ಪದ ಬಂದಿರುವುದು ನಮ್ಮ ಕಡೆಯವರಿಗೆ ಅನುಕೂಲವೇ ಆಯಿತು. ಯಾವ ಪುಟದಿಂದಲೂ ಕೊಂಡಿಯಿಲ್ಲದ ಪುಟ ಗೂಗಲ್‌ಗೆ ಸಿಗುವುದೇ ಕಷ್ಟ. ಮುಖಪುಟದಿಂದ ಈ ಪುಟಕ್ಕೆ, ಈ ಪುಟದಿಂದ ಸೀರೆ ಒಗೆಯುವ ವಿಧಾನದ ಪುಟಕ್ಕೆ, ಅಲ್ಲಿಂದ ಖಣದ ಪುಟಕ್ಕೆ ಕೊಂಡಿ ಹಾಕಿ. ಕೊಂಡಿಯ ಪದಗಳು ‘ಇಲ್ಲಿ ಒತ್ತಿ’ ಎಂದಿರದೆ ‘ಇಳಕಲ್ ಸೀರೆ ಒಗೆಯುವ ವಿಧಾನ’ ಎಂದಿರಲಿ. ಹಣಕ್ಕೆ ಸಿಗುವ ಹೊರಗಿನ ಕೊಂಡಿಗಳನ್ನು, ಅವೆಷ್ಟೇ ಅಗ್ಗವಾಗಿದ್ದರೂ, ಮುಟ್ಟಬೇಡಿ. ಶ್ರೇಣಿ ಏರಿಸಲೆಂದು ಕೊಂಡಿಗಳನ್ನು ಕೊಳ್ಳುವುದು ನಿಯಮಬಾಹಿರ.

10. ತಿದ್ದಿದ ಮೇಲೆ ಕಾಯಿರಿ, ಅಳೆಯಿರಿ

ಕೆಲಸ ಮುಗಿದ ದಿನಾಂಕವನ್ನು ಮತ್ತು ಏನೇನು ಬದಲಿಸಿದಿರಿ ಎಂಬುದನ್ನು ಅದೇ ನೋಟುಪುಸ್ತಕದಲ್ಲಿ ಬರೆದಿಡಿ. ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಹಾಕಿ, ಮತ್ತೊಮ್ಮೆ ಓದುವಂತೆ ಕೋರಿಕೆ ಸಲ್ಲಿಸಿ. ಒಮ್ಮೆ ಸಲ್ಲಿಸಿದರೆ ಸಾಕು, ದಿನಾ ಒತ್ತಿದರೆ ಬೇಗವಾಗುವುದಿಲ್ಲ. ಅನಂತರ ಕೆಲವು ವಾರ ಪುಟವನ್ನು ಮುಟ್ಟದೆ ಬಿಡಿ. ಎರಡು ದಿನಕ್ಕೊಮ್ಮೆ ಶೀರ್ಷಿಕೆ ಬದಲಿಸುತ್ತ ಹೋದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯದು. ನಿಮ್ಮದೇ ಫೋನಿನಲ್ಲಿ ಹುಡುಕಿ ‘ನಾವೇ ಮೊದಲ ಸ್ಥಾನ’ ಎಂದು ಹಿಗ್ಗುವುದೂ ಬೇಡ. ಇರುವ ಸ್ಥಳ ಮತ್ತು ಹಿಂದಿನ ಹುಡುಕಾಟಗಳನ್ನು ಗಮನಿಸಿ ಫಲಿತಾಂಶ ಬದಲಾಗುತ್ತದೆ.

ನಂಬಬೇಕಾದದ್ದು ಕನ್ಸೋಲ್‌ನ ‘ಪರ್ಫಾರ್ಮೆನ್ಸ್’ ವರದಿಯನ್ನು. ಯಾವ ಪದಗಳಿಗೆ ನಿಮ್ಮ ಪುಟ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು ಎಂಬ ಲೆಕ್ಕ ಅಲ್ಲಿ ಹದಿನಾರು ತಿಂಗಳವರೆಗಿನದು ಸಿಗುತ್ತದೆ. ಅದನ್ನು ಓದುವ ಕ್ರಮ ಹೀಗೆ: ಹೆಚ್ಚು ಸಲ ಕಾಣಿಸಿಯೂ ಯಾರೂ ಒತ್ತದಿದ್ದರೆ ಟೈಟಲ್ ಮತ್ತು ವಿವರಣೆಯನ್ನು ತಿದ್ದಿ. ಸ್ಥಾನ ಎಂಟರಿಂದ ಹದಿನೈದರ ನಡುವೆ ನಿಂತಿದ್ದರೆ ಆ ಪದಕ್ಕೆ ಸಂಬಂಧಿಸಿದ ವಿವರವನ್ನು ಪುಟದಲ್ಲಿ ಇನ್ನಷ್ಟು ತುಂಬಿ, ಬೇರೆ ಪುಟಗಳಿಂದ ಒಂದೆರಡು ಕೊಂಡಿ ಸೇರಿಸಿ. ನೀವು ಎಣಿಸಿಯೇ ಇರದ ಪದವೊಂದು ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ, ಉದಾಹರಣೆಗೆ ನಿಮ್ಮ ಬೆಲೆಯ ಪುಟಕ್ಕೆ ‘ಸೀಮಂತಕ್ಕೆ ಹಸಿರು ಇಳಕಲ್ ಸೀರೆ’ ಎಂದು ಹುಡುಕಿದವರು ಬರುತ್ತಿದ್ದರೆ, ಅದನ್ನು ಈ ಪುಟಕ್ಕೇ ತುರುಕಬೇಡಿ. ಅದು ಬೇರೆಯೇ ಪ್ರಶ್ನೆ; ಅದಕ್ಕೊಂದು ಹೊಸ ಪುಟ ತೆರೆದು ಮೂರನೆಯ ಹಂತದಿಂದ ಕೆಲಸ ಆರಂಭಿಸಿ.